ಎಣ್ಣೆ ಹಚ್ಚದ ಎಡಗೈ

ಸತ್ತ ಮಂಗನಿಗೆ ಕೈ ಮುಗಿದು ಬೈಸಿಕೊಂಡದ್ದು ನನ್ನ ಜೀವಮಾನದಲ್ಲೇ ಅದು ಮೊದಲು.

ಜನವರಿಯ ಒಂದು ಬೆಳಿಗ್ಗೆ ಹೊಸನಗರದಿಂದ ನಗರ ಎಂಬ ಊರಿನ ಕಡೆಗಿರುವ ಕಾಡಿನಲ್ಲಿ ಗಸ್ತು ತಿರುಗುತ್ತಿದ್ದೆವು. ನಾನು ಅರಣ್ಯ ಇಲಾಖೆಯ ಗಾರ್ಡ್. ವಿಜಯಪುರದ ಬಯಲಿನಿಂದ ಇಲ್ಲಿಗೆ ಬಂದು ಏಳು ತಿಂಗಳಾಗಿತ್ತು. ಜೊತೆಗಿದ್ದವರು ಇದೇ ಕಡೆಯ ವಾಚರ್ ಗಣಪಣ್ಣ. ಉದುರಿದ ಒಣ ಎಲೆಗೆ ಇಲ್ಲಿನವರು ದರಗು ಅನ್ನುತ್ತಾರೆ. ಆ ದರಗಿನ ಮೇಲೆ ಒಂದು ಮಂಗ ಮಗ್ಗುಲಾಗಿ ಬಿದ್ದಿತ್ತು. ನಮ್ಮೂರಲ್ಲಿ ಮಂಗ ಸತ್ತರೆ ಹನುಮಪ್ಪನೇ ಹೋದ ಹಾಗೆ. ಕುಂಕುಮ ಹಚ್ಚಿ, ಹಾರ ಹಾಕಿ, ಟ್ರ್ಯಾಕ್ಟರಿನಲ್ಲಿ ಕೂರಿಸಿ, ಭಜನೆ ಹಾಡುತ್ತ ಮೆರೆಸಿ ಮಣ್ಣು ಮಾಡುತ್ತೇವೆ. ತರಬೇತಿಯಲ್ಲಿ ಹೇಳಿದ್ದೆಲ್ಲ ಮರೆತುಹೋಗಿ ಕಾಲು ತಾನಾಗಿಯೇ ಹತ್ತಿರ ನಡೆಯಿತು. ಅದರ ಮುಖದ ಮೇಲಿದ್ದ ಎಲೆಯನ್ನು ಎಡಗೈಯಲ್ಲಿ ಸರಿಸಿ ಕೈ ಮುಗಿದೆ. ತಿರುಗಿ ನೋಡಿದರೆ ಗಣಪಣ್ಣ ಐವತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರು.

“ಈಚೆ ಬನ್ನಿ ಮೇಡಂ. ಇಲ್ಲಿ ಅದು ದೇವ್ರಲ್ಲ, ಕಾಯ್ಲೆ,” ಅಂದರು.

ಮಂಗನ ಕಾಯಿಲೆ ಎಂಬ ಹೆಸರನ್ನು ನೀವು ಪೇಪರಿನಲ್ಲಿ ಓದಿರುತ್ತೀರಿ. ನಾನೂ ಓದಿದ್ದೆ, ಓದಿ ಪುಟ ತಿರುವಿದ್ದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಚಳಿಗಾಲ ಬಂತೆಂದರೆ ಜನ ಆ ಹೆಸರನ್ನು ಮೆಲ್ಲಗೆ ಹೇಳುತ್ತಾರೆ. ನಾವು ಉಣ್ಣಿ ಅನ್ನುವುದಕ್ಕೆ ಇಲ್ಲಿ ಉಣುಗು ಅನ್ನುತ್ತಾರೆ. ಮಂಗ ಸತ್ತ ಕೂಡಲೇ ಅದರ ಮೈಮೇಲಿನ ಉಣುಗುಗಳು ಇಳಿದು ದರಗಿನಲ್ಲಿ ಕಾಯುತ್ತವೆ. ಕಚ್ಚಿದ ಕೆಲವು ದಿನಕ್ಕೆ ಜ್ವರ ಬರುತ್ತದೆ. ಹೆಚ್ಚಿನವರು ಏಳುತ್ತಾರೆ, ಕೆಲವರು ಏಳುವುದಿಲ್ಲ.

ಅವತ್ತು ಸಂಜೆ ನನ್ನ ಎಡಗೈಯ ಮಣಿಕಟ್ಟಿನ ಒಳಭಾಗದಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆ ಕಂಡಿತು. ಒರೆಸಿದರೆ ಹೋಗಲಿಲ್ಲ. ಅದಕ್ಕೆ ಕಾಲುಗಳಿದ್ದವು.

ಬಲಗೈಯಲ್ಲಿ ಇಲ್ಲದ್ದು ಎಡಗೈಯಲ್ಲೇ ಯಾಕೆ ಇತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಕಾರಣ ಗಿಟಾರ್.

ನಾನು ಹುಟ್ಟಾ ಅಂಜುಬುರುಕಿ. ಹಲ್ಲಿಗೂ ಹೆದರುವವಳಿಗೆ ಕಾಡಿನ ನೌಕರಿ ಸಿಕ್ಕಿತಲ್ಲ ಎಂದು ಅವ್ವ ಈಗಲೂ ನಗುತ್ತಾಳೆ. ಜೂನ್ ತಿಂಗಳಲ್ಲಿ ಇಲ್ಲಿಗೆ ಬಂದಾಗ ಪೇಟೆಯಲ್ಲಿ ಸುಶೀಲಕ್ಕನ ಮನೆಯ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತು. ನಮ್ಮಲ್ಲಿ ಎತ್ತ ನೋಡಿದರೂ ಆಕಾಶ ನೆಲಕ್ಕೆ ಮುಟ್ಟುವುದು ಕಾಣುತ್ತದೆ. ಇಲ್ಲಿ ರಸ್ತೆಯ ಮುಂದಿನ ತಿರುವು ಕೂಡ ಕಾಣುವುದಿಲ್ಲ. ರೊಟ್ಟಿ ಅಂದರೆ ಅಕ್ಕಿಯದು, ಮೆತ್ತಗೆ. ನಾನು ಜೋಳದ ರೊಟ್ಟಿ ಬಡಿದರೆ ಆ ಸದ್ದಿಗೆ ಕೆಳಗಿನ ಮನೆಯವರು ಮೇಲೆ ಬಂದು ಏನಾಯಿತು ಎಂದು ಕೇಳಿದರು. ಮಾತಾಡಿದರೆ ಜಗಳವಾಡುತ್ತಿದ್ದೇನೆ ಅಂದುಕೊಳ್ಳುತ್ತಿದ್ದರು. ಹಾಗಾಗಿ ಮಾತು ಕಡಿಮೆ ಮಾಡಿದೆ. ಮಾತು ಕಡಿಮೆಯಾದಷ್ಟೂ ಹೆದರಿಕೆ ಹೆಚ್ಚಾಯಿತು.

ಸುಶೀಲಕ್ಕನ ಗಂಡ ಮಂಜಣ್ಣ ಹಗಲು ವೈರಿಂಗ್ ಕೆಲಸ ಮಾಡುತ್ತಾರೆ, ಮದುವೆಯ ಕಾಲದಲ್ಲಿ ಸಾಗರದ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಾರೆ. ಸುಮ್ಮನೆ ಕೂತು ಮಳೆ ನೋಡುತ್ತಿದ್ದ ನನ್ನ ಕೈಗೆ ತಮ್ಮ ಹಳೆಯ ಕೆಂಪು ಗಿಟಾರ್ ಕೊಟ್ಟರು. ಎರಡು ಷರತ್ತು ಹಾಕಿದರು. ಅದನ್ನು ಚೀಲದಲ್ಲಿಡಬಾರದು, ಕಣ್ಣಿಗೆ ಬೀಳುವ ಹಾಗೆ ಗೋಡೆಯ ಮೊಳೆಗೆ ನೇತುಹಾಕಬೇಕು. ದಿನಾ ಹತ್ತೇ ನಿಮಿಷ ನುಡಿಸಬೇಕು, ಹನ್ನೊಂದನೆಯ ನಿಮಿಷಕ್ಕೆ ಆಸೆಯಾದರೂ ಕೆಳಗಿಡಬೇಕು. ಇವತ್ತಿನ ಆಸೆ ಇವತ್ತೇ ತೀರಿದರೆ ನಾಳೆ ಯಾರು ಮುಟ್ಟುತ್ತಾರೆ ಎಂಬುದು ಅವರ ಲೆಕ್ಕ.

ಮೊದಲ ತಿಂಗಳು ಎಡಗೈಯ ಬೆರಳ ತುದಿಗೆ ಬೊಬ್ಬೆ ಬಂದು ಬಟ್ಟೆ ಹಿಂಡುವುದಕ್ಕೂ ಉರಿಯಿತು. ಎರಡನೆಯ ತಿಂಗಳು ಒಂದೆರಡು ಕಾರ್ಡ್ ಬಂದವು. ಕಾರ್ಡ್ ಅಂದರೆ ಕೆಲವು ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿದು ಒಂದೇ ಸಲಕ್ಕೆ ಮೀಟುವುದು. ಎಫ್ ಎಂಬ ಕಾರ್ಡ್ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಅದಕ್ಕೆ ತೋರುಬೆರಳೊಂದರಲ್ಲೇ ಆರೂ ತಂತಿ ಅದುಮಬೇಕು. ತಂತಿ ಹಾಡುವ ಬದಲು ತಗಡು ಬಡಿದ ಸದ್ದು ಬರುತ್ತಿತ್ತು. ಆದರೂ ಆ ಹತ್ತು ನಿಮಿಷ ನನಗೆ ಯಾವುದರ ಹೆದರಿಕೆಯೂ ಇರುತ್ತಿರಲಿಲ್ಲ. ದಿನದ ಉಳಿದ ಹೊತ್ತೆಲ್ಲ ಆ ಹತ್ತು ನಿಮಿಷಕ್ಕಾಗಿಯೇ ಕಾಯುತ್ತಿದ್ದೆ.

ಮಳೆ ಮುಗಿದು ಚಳಿ ಶುರುವಾಯಿತು. ಸುಶೀಲಕ್ಕ ಆಶಾ ಕಾರ್ಯಕರ್ತೆ. ಕಾಡಿಗೆ ಹೋಗುವವರಿಗೆ ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚುವ ಎಣ್ಣೆಯನ್ನು ಮನೆಮನೆಗೆ ಕೊಡುವವರು ಅವರೇ. ನನಗೂ ಒಂದು ಬಾಟಲಿ ಕೊಟ್ಟರು. ಒಂದು ದಿನ ಗಸ್ತಿನಿಂದ ಬಂದವಳು ಕೈ ತೊಳೆಯದೆ ಗಿಟಾರಿಗೆ ಕೈ ಹಾಕಿದೆ. ಕೆಂಪು ಬಣ್ಣ ಅಂಟಂಟಾಗಿ ಕರಗಿ, ನನ್ನ ಎಡ ಅಂಗೈಯ ಅಚ್ಚು ಐದೂ ಬೆರಳಿನ ಸಮೇತ ಅದರ ಮೈಮೇಲೆ ಕೂತಿತು. ಆ ಎಣ್ಣೆ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ, ಬಣ್ಣ ಯಾವ ಲೆಕ್ಕ ಎಂದು ಮಂಜಣ್ಣ ನಕ್ಕರು. ನನಗೆ ಅಳು ಬಂತು. ಮಾರನೆಯ ದಿನದಿಂದ ಬಲಗೈಗೆ, ಎರಡೂ ಕಾಲಿಗೆ ಎಣ್ಣೆ ಹಚ್ಚಿದೆ. ತಂತಿ ಒತ್ತುವ ಎಡಗೈಯನ್ನು ಗಿಟಾರಿಗೆಂದು ಬಿಟ್ಟೆ. ಯಾರಿಗೂ ಹೇಳಲಿಲ್ಲ. ಎಂಥ ಪೆದ್ದಿ ನೋಡಿ ನಾನು.

ಆ ಉಣುಗನ್ನು ಸುಶೀಲಕ್ಕ ಚಿಮಟದಲ್ಲಿ ಹಿಡಿದು ನೆಟ್ಟಗೆ ಎಳೆದು ತೆಗೆದರು. ಸೋಪು ಹಾಕಿ ತೊಳೆದರು. ನನ್ನ ಎಡಗೈ ಮೂಸಿ ನೋಡಿದರು, ಬಲಗೈಯನ್ನೂ ಮೂಸಿದರು. ಅವರಿಗೆ ಎಲ್ಲ ತಿಳಿಯಿತು. ಬೈದಿದ್ದರೆ ಒಳ್ಳೆಯದಿತ್ತು. ಅವರು ಬೈಯಲಿಲ್ಲ.

“ಎಂಟು ದಿನ ನೋಡಣ. ಅಲ್ಲಿವರೆಗೂ ಜ್ವರ ಬರ್ದಿದ್ರೆ ಮುಕ್ಕಾಲು ಪಾಲು ಬಚಾವು,” ಅಂದರು.

ಹೆದರಿಕೆಗೆ ರುಚಿ ಇದೆ ಎಂದು ನನಗೆ ಗೊತ್ತಾದದ್ದು ಆ ಎಂಟು ದಿನಗಳಲ್ಲಿ. ಥರ್ಮಾಮೀಟರಿನ ಪಾದರಸದ ತುದಿಯ ರುಚಿ ಅದು. ಎದ್ದ ಕೂಡಲೇ ನಾಲಿಗೆಯ ಕೆಳಗಿಡುತ್ತಿದ್ದೆ, ಊಟಕ್ಕೆ ಮುಂಚೆ ಇಡುತ್ತಿದ್ದೆ, ಊಟವಾದ ಮೇಲೂ ಇಡುತ್ತಿದ್ದೆ. ಅವ್ವ ಫೋನ್ ಮಾಡಿದರೆ ಎಲ್ಲ ಆರಾಮ ಅಂದೆ. ಮೂರನೆಯ ದಿನ ಗಿಟಾರ್ ಮುಟ್ಟಲಿಲ್ಲ. ಇದರಿಂದಲೇ ಆಯಿತಲ್ಲ ಎಂಬ ಸಿಟ್ಟು. ಐದನೆಯ ದಿನ ತಲೆನೋವು ಬಂತು. ಮಂಚದ ಮೇಲೆ ಕೂತು ನಡುಗತೊಡಗಿದೆ. ಸುಶೀಲಕ್ಕ ಹಣೆ ಮುಟ್ಟಿ, ಮೈ ತಣ್ಣಗಿದೆ, ಇದು ಬರೀ ಹೆದರಿಕೆ ಅಂದರು. ಮಂಜಣ್ಣ ಏನೂ ಕೇಳದೆ ಮೊಳೆಯಿಂದ ಗಿಟಾರ್ ತೆಗೆದು ನನ್ನ ತೊಡೆಯ ಮೇಲಿಟ್ಟರು.

“ನುಡ್ಸಿದ್ರೂ ಎಂಟು ದಿನವೇ, ನುಡ್ಸದಿದ್ರೂ ಎಂಟು ದಿನವೇ. ಹಿಡೀರಿ ಮೇಡಂ,” ಅಂದರು.

ಹಿಡಿದೆ. ಉಣುಗು ಕಚ್ಚಿದ ಜಾಗ ಇನ್ನೂ ಕೆಂಪಗಿತ್ತು. ಆರನೆಯ ದಿನ ಬೆಳಿಗ್ಗೆ ಎಫ್ ಕಾರ್ಡ್ ಬಂತು. ಆರೂ ತಂತಿ ಒಂದಾಗಿ ತುಂಬಿಕೊಂಡು ಹಾಡಿದವು. ಇನ್ನೊಮ್ಮೆ ಮೀಟಿದೆ, ಮತ್ತೂ ಬಂತು. ಈಗ ತಾನೆ ಬಂದಿದೆ, ಈಗ ಸಾಯಲಾರೆ ಎಂದು ಜೋರಾಗಿ ಅತ್ತೆ. ಎಂಟು ದಿನ ಕಳೆಯಿತು, ಹತ್ತು ಕಳೆಯಿತು, ಹದಿನೈದಾಯಿತು. ಜ್ವರ ಬರಲಿಲ್ಲ.

ಈಗ ಎರಡೂ ಕೈಗೆ ಎಣ್ಣೆ ಹಚ್ಚುತ್ತೇನೆ. ಬಂದ ಮೇಲೆ ಬಿಸಿನೀರಲ್ಲಿ ಮೂರು ಸಲ ತೊಳೆದು ಗಿಟಾರ್ ಹಿಡಿಯುತ್ತೇನೆ. ಅದಕ್ಕೂ ಮುಂಚೆ ಸುಶೀಲಕ್ಕ ನನ್ನನ್ನು ಬೆಳಕಿಗೆ ಕೂರಿಸಿ ಕಾಲ್ಬೆರಳ ಸಂದಿ, ಮಂಡಿಯ ಹಿಂಭಾಗ, ಕಿವಿಯ ಹಿಂದೆ ಎಲ್ಲ ಹುಡುಕುತ್ತಾರೆ. ನನ್ನನ್ನು ಹೀಗೆ ನೋಡಿದವಳು ಅವ್ವ ಒಬ್ಬಳೇ, ಅದೂ ಸಣ್ಣವಳಿದ್ದಾಗ ತಲೆಯ ಹೇನಿಗಾಗಿ.

ಯುಗಾದಿಗೆ ಊರಿಗೆ ಹೋದೆ, ಗಿಟಾರ್ ಹೊತ್ತುಕೊಂಡು. ಹಬ್ಬದ ಮರುದಿನ ಕರೆಂಟಿನ ತಂತಿ ತಗುಲಿ ಒಂದು ಮಂಗ ಸತ್ತಿತು. ಟ್ರ್ಯಾಕ್ಟರ್ ಬಂತು, ಹಾರ ಬಂತು, ಭಜನೆಯವರು ತಾಳ ಹಿಡಿದು ಬಂದರು. ನೌಕರಿ ಮಾಡುವ ಹುಡುಗಿ ಗಿಟಾರ್ ಕಲಿತಿದ್ದಾಳಂತೆ, ಅದನ್ನೂ ಬಾರಿಸಲಿ ಎಂದು ಎಲ್ಲರೂ ಕರೆದರು. ನಾನು ಹೊರಟೆ. ಶಾಲೆಯ ಮುಂದಿನ ಬೇವಿನ ಮರದವರೆಗೆ ಹೋದವಳು ನಿಂತುಬಿಟ್ಟೆ. ಟ್ರ್ಯಾಕ್ಟರಿಗೂ ನನಗೂ ಐವತ್ತು ಹೆಜ್ಜೆ. ಇಲ್ಲಿ ದರಗಿಲ್ಲ, ಕಾಡಿಲ್ಲ, ಆ ಕಾಯಿಲೆಯಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಕಾಲಿಗೆ ಗೊತ್ತಿರಲಿಲ್ಲ.

“ಅಲ್ಲೇ ಯಾಕ ನಿಂತಿ ನೀಲಾ? ಬಾ ಮುಂದ,” ಎಂದು ಅವ್ವ ಕರೆದಳು. ನಾನು ಅಲ್ಲಿಂದಲೇ ನುಡಿಸಿದೆ. ಭಜನೆಯವರು ಒಮ್ಮೆ ತಿರುಗಿ ನೋಡಿ, ಹಾಡುತ್ತ ಮುಂದೆ ಹೋದರು. ಅವ್ವ ಮಂಗನ ಹಣೆಗೆ ಕುಂಕುಮ ಹಚ್ಚುವುದು ನನಗೆ ಕಾಣುತ್ತಿತ್ತು.

ಅವಳು ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಕಟ್ಟೆಯ ಮೇಲೆ ಕೂರಿಸಿ ಕಾಲು ಚಾಚು ಅಂದೆ. ಎಡಗೈಯ ಬೆರಳ ತುದಿಗಳು ಈಗ ಗಟ್ಟಿಯಾಗಿವೆ, ಸಣ್ಣ ವಸ್ತು ತಾಗಿದ್ದು ತಿಳಿಯುವುದಿಲ್ಲ. ಬಲಗೈಯಿಂದ ಅವಳ ಒಂದೊಂದೇ ಕಾಲ್ಬೆರಳು ಬಿಡಿಸಿ ಸಂದಿಯಲ್ಲಿ ನೋಡಿದೆ. ಅವಳು ಮೊದಲು ನಕ್ಕಳು.

“ಏನ್ ಹುಡುಕಾಕತ್ತಿ?” ಅಂದಳು.

ನಾನು ಮುಂದಿನ ಬೆರಳು ಬಿಡಿಸಿದೆ. ಅವಳು ನನ್ನ ಮುಖವನ್ನೇ ನೋಡಿದಳು, ಆಮೇಲೆ ಗೋಡೆಗೆ ಒರಗಿಸಿದ್ದ ಗಿಟಾರಿನ ಮೇಲಿನ ಅಂಗೈಯ ಅಚ್ಚನ್ನು ನೋಡಿದಳು, ನನ್ನ ಮಣಿಕಟ್ಟಿನ ಕಲೆಯನ್ನೂ ನೋಡಿದಳು. ನಗು ನಿಂತಿತು. ಸೀರೆಯನ್ನು ಮಂಡಿಯವರೆಗೆ ಎತ್ತಿ, ಇನ್ನೊಂದು ಕಾಲನ್ನೂ ನನ್ನ ತೊಡೆಯ ಮೇಲಿಟ್ಟಳು.

“ಈ ಕಾಲೂ ನೋಡವ್ವ,” ಅಂದಳು.