ಗಾಳಿಗೆ ಮುಖ ಮಾಡಿದ ಕಿಂಡಿ

ಹೋದ ವಾರ ಅಡುಗೆಮನೆಯ ಸಿಂಕು ಸೋರುತ್ತಿದೆ ಎಂದು ಪ್ಲಂಬರನ್ನು ಕರೆಸಿದ್ದೆ. ಅವನು ಹಳೆಯದನ್ನೆಲ್ಲ ಕೆರೆದು ತೆಗೆದು, ಸಿಲಿಕೋನ್ ಟ್ಯೂಬೊಂದನ್ನು ಗನ್ನಿಗೆ ಸಿಕ್ಕಿಸಿ ಸಿಂಕಿನ ಅಂಚಿಗೆ ಒತ್ತಿದ. ಒತ್ತಿದ್ದೇ ತಡ, ಕೆಟ್ಟ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದ ಹಾಗೆ ಹುಳಿ ವಾಸನೆ ಮನೆ ತುಂಬಿಕೊಂಡಿತು. ಪಕ್ಕದ ಒಲೆಯ ಮೇಲೆ ಒಗ್ಗರಣೆಗಿಟ್ಟಿದ್ದ ಸಾಸಿವೆ ಸೀದು ಹೋಗುವವರೆಗೂ ನಾನು ಹಾಗೇ ನಿಂತುಬಿಟ್ಟೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವ್ಯಾನಿನ ತಲೆಯ ಮೇಲೆ ಮಂಡಿಯೂರಿ ಕೂತ ನರ್ಸ್ ಅಕ್ಕ ಕಣ್ಣ ಮುಂದೆ ಬಂದಿದ್ದರು...

ಆಗ ನಾನು ಮೈಸೂರಿನ ಅಶೋಕಪುರಂನಲ್ಲಿ ಒಂದು ಬಾಡಿಗೆ ಮನೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದೆ. ದಲಿತರೇ ಇದ್ದ ಆ ಬೀದಿಯಲ್ಲಿ ನಾನು ಮನೆ ಮಾಡಿದ್ದು ನಮ್ಮ ಊರಿನ ಕೆಲವರಿಗೆ ಹಿಡಿಸಿರಲಿಲ್ಲ. ನಾನು ಮಾಡಿದ ಯಾವ ಕೆಲಸ ತಾನೇ ಅವರಿಗೆ ಹಿಡಿಸಿತ್ತು ಎಂದುಕೊಂಡು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಎದುರು ಮನೆಯಲ್ಲಿ ಅಕ್ಕ ಇದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಜೊತೆಗೆ ಅವರ ಅತ್ತೆ. ಆ ಅಜ್ಜಿಗೆ ಲಕ್ವ ಹೊಡೆದು ಒಂದು ಕೈ, ಒಂದು ಕಾಲು ಬಿದ್ದುಹೋಗಿತ್ತು. ಮಾತು ತೊದಲುತ್ತಿತ್ತು, ಆದರೆ ತಲೆ ಮಾತ್ರ ನಮ್ಮೆಲ್ಲರಿಗಿಂತ ಚುರುಕು. ಇಬ್ಬರ ಮನೆಯ ನಡುವೆ ಬೀದಿಯಲ್ಲಿ ಒಂದು ಟೂರಿಸ್ಟ್ ವ್ಯಾನ್ ನಿಂತಿರುತ್ತಿತ್ತು.

ಆ ವ್ಯಾನು ಅಕ್ಕನ ಗಂಡನದು. ಪ್ರವಾಸಿಗಳನ್ನು ಊಟಿಗೆ, ಕೊಡಗಿಗೆ ಕರೆದುಕೊಂಡು ಹೋಗುತ್ತಿದ್ದವರು ಕೊನೆಕೊನೆಗೆ ಸೀಟುಗಳನ್ನೆಲ್ಲ ಕಿತ್ತು ಅದನ್ನೊಂದು ಓಡಾಡುವ ಮನೆ ಮಾಡಲು ಹೊರಟಿದ್ದರಂತೆ. ಒಳಗೆ ಮಂಚ, ಸಣ್ಣ ಒಲೆ, ನೀರಿನ ಡ್ರಮ್ಮು, ಮೂಲೆಯಲ್ಲಿ ಕಕ್ಕಸು. ಗಾಳಿ ಆಡಲಿ ಎಂದು ತಗಡಿನ ಛಾವಣಿಯಲ್ಲಿ ಎರಡು ಚೌಕ ಕೊರೆದು ಪ್ಲಾಸ್ಟಿಕ್ ಮುಚ್ಚಳದ ಕಿಂಡಿ ಕೂರಿಸಿದ್ದರು. ಅಷ್ಟೆಲ್ಲ ಮಾಡಿದ್ದು ತಾಯಿಯನ್ನು ನಾಗಪುರಕ್ಕೆ ಕರೆದುಕೊಂಡು ಹೋಗಬೇಕೆಂದು. ಪ್ರತಿ ವರ್ಷ ವಿಜಯದಶಮಿಗೆ ಮೈಸೂರಿಗೆ ಮೈಸೂರೇ ಜಂಬೂಸವಾರಿ ನೋಡಲು ನುಗ್ಗುವಾಗ, ಆ ಬೀದಿಯ ಜನ ಬಸ್ಸು ಮಾಡಿಕೊಂಡು, ಬೌದ್ಧ ದೀಕ್ಷೆ ನಡೆದ ಅಲ್ಲಿನ ದೀಕ್ಷಾಭೂಮಿಗೆ ಹೊರಡುತ್ತಿದ್ದರು. ಅಜ್ಜಿ ಮಾತ್ರ ಒಮ್ಮೆಯೂ ಹೋಗಿರಲಿಲ್ಲ. ಮೊದಲು ಮಕ್ಕಳು ಚಿಕ್ಕವರು, ಆಮೇಲೆ ಹಾಸಿಗೆ ಹಿಡಿದ ಗಂಡ, ಆಮೇಲೆ ಮಂಡಿನೋವು, ಕೊನೆಗೆ ಲಕ್ವ. ರೈಲಿನಲ್ಲಿ, ಬಸ್ಸಿನಲ್ಲಿ ಅವರನ್ನು ಅಷ್ಟು ದೂರ ಕೂರಿಸಿಕೊಂಡು ಹೋಗುವ ಹಾಗಿರಲಿಲ್ಲ. ಮಲಗಿಸಿಕೊಂಡೇ ಹೋಗಬೇಕು. ವ್ಯಾನು ಮುಗಿಯುವ ಮೊದಲೇ ಅಕ್ಕನ ಗಂಡ ಎದೆನೋವಿನಿಂದ ತೀರಿಕೊಂಡರು.

ಆ ವರ್ಷ ಮಳೆಗಾಲದಲ್ಲಿ ಅಜ್ಜಿಯ ಉಸಿರು ಕೆಟ್ಟಿತು. ಒಂದು ಸಂಜೆ ಅಕ್ಕ ನನ್ನ ಮಿಷನ್ ಪಕ್ಕ ಬಂದು ಕೂತು ಮೆಲ್ಲಗೆ ಹೇಳಿದರು. "ಮುಂದಿನ ದಸರಾಕ್ಕೆ ಅತ್ತೆ ಇರಲ್ಲ ಕಣೆ. ನಂಗೆ ಗೊತ್ತಾಗುತ್ತೆ. ಈ ಸಲವೇ ಕರ್ಕೊಂಡು ಹೋಗ್ಬೇಕು." ವ್ಯಾನಿಗೆ ಪರದೆ, ಹಾಸಿಗೆಯ ಕವರು ಹೊಲಿದುಕೊಡು ಎಂದು ಕೇಳಲು ಬಂದಿದ್ದರು. ಅಳತೆ ತೆಗೆಯಲು ವ್ಯಾನಿನೊಳಗೆ ಹೋದರೆ ಮಂಚದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಹಾಸಿಗೆ ಮುಗ್ಗಲು ಹಿಡಿದಿತ್ತು. ಬಿಸಿಲಿಗೆ ಕಿಂಡಿಗಳ ಪ್ಲಾಸ್ಟಿಕ್ಕು ಸೀಳಿ, ಅಂಚಿನ ಅಂಟೆಲ್ಲ ಒಣಗಿ ಬಿರುಕು ಬಿಟ್ಟಿತ್ತು. ಉಸಿರಾಟದ ತೊಂದರೆ ಇರುವ ಜೀವವನ್ನು ಆ ತೇವದಲ್ಲಿ ಮಲಗಿಸುವುದು ಹೇಗೆ?

ಅಕ್ಕ ಒಂದೊಂದೇ ಗ್ಯಾರೇಜು ಅಲೆದರು. ದಸರಾ ಹತ್ತಿರ ಬಂದರೆ ಮೈಸೂರಿನ ಗ್ಯಾರೇಜುಗಳ ತುಂಬ ಟೂರಿಸ್ಟ್ ಗಾಡಿಗಳೇ. ಎಲ್ಲ ಕಡೆಯೂ ಒಂದೇ ಮಾತು. "ದಸರಾ ಕಳೀಲಿ ಮೇಡಂ, ಮಾಡ್ಕೊಡೋಣ." ದಸರಾ ಕಳೆದ ಮೇಲೆ ಆ ವ್ಯಾನು ಯಾರಿಗೆ ಬೇಕಿತ್ತು? ಕೊನೆಗೆ ಬಸ್ಸಿನ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ ಎರಡು ಹೊಸ ಕಿಂಡಿಗಳನ್ನು ಕೊಂಡು ತಂದು, ಏಣಿ ಹಾಕಿ ತಾವೇ ಮೇಲೆ ಹತ್ತಿದರು. ಬೀದಿಯ ಗಂಡಸರು ಕೆಳಗೆ ನಿಂತು ಸಲಹೆ ಕೊಟ್ಟರು. ನಾನು ಏಣಿ ಹಿಡಿದುಕೊಂಡೆ.

ಮೊದಲ ಸಲ ಕೆಲಸ ಕೆಟ್ಟಿತು. ಹಳೆಯ ಕಿಂಡಿ ಬಿಚ್ಚದೆಯೇ ಆದೀತೇನೋ ಎಂದು, ಬಚ್ಚಲುಮನೆಗೆ ಬಳಸುವ ಸಿಲಿಕೋನನ್ನೇ ತಂದು ಅದರ ಸೀಳಿಗೂ ಹಳೆಯ ಅಂಟಿಗೂ ಹಚ್ಚಿದ್ದೆವು. ಬೀದಿಯೆಲ್ಲ ಹುಳಿ ವಾಸನೆ. ಒಂದು ಜೋರು ಮಳೆ ಬಂದು ಹೋದದ್ದೇ, ಹಾಲಿನ ಕೆನೆಯ ಹಾಗೆ ಉದ್ದಕ್ಕೂ ಎದ್ದು ಬಂತು. ಅಕ್ಕ ಅದನ್ನು ಬೆರಳಿಗೆ ಸುತ್ತಿಕೊಂಡು ನೋಡಿದರು. ನನಗೆ ಅಳು ಬಂತು, ಅವರಿಗೆ ಬರಲಿಲ್ಲ. ಮಾರನೆಯ ದಿನ ಹಳೆಯ ಕಿಂಡಿಗಳನ್ನೇ ಬಿಚ್ಚಿ ತೆಗೆದು, ಹಳೆಯ ಅಂಟನ್ನು ಪುಟ್ಟಿ ಬ್ಲೇಡಿನಿಂದ ಪೂರಾ ಕೆರೆದು, ಥಿನ್ನರಿನಲ್ಲಿ ಒರೆಸಿದೆವು. ಗಾಯ ತೊಳೆದು ಅಭ್ಯಾಸವಿದ್ದ ಕೈ ಅದು, ಒಂದು ಚೂರು ಕೊಳೆ ಉಳಿದರೂ ಬಿಡುತ್ತಿರಲಿಲ್ಲ.

ಇಷ್ಟಾದರೂ ಒಂದು ಒಗಟು ಬಗೆಹರಿಯಲಿಲ್ಲ. ಖಾಲಿ ಚೌಕಗಳ ಮೇಲೆ ದಪ್ಪ ಪ್ಲಾಸ್ಟಿಕ್ ಬಿಗಿದಿದ್ದರೂ ಮಂಚದ ಮೇಲೆ ನೀರು ಬೀಳುತ್ತಲೇ ಇತ್ತು. ಆಗ ದಾರಿ ತೋರಿಸಿದ್ದು ಅಜ್ಜಿ. ಅವರು ಒಂದು ಕಾಲಕ್ಕೆ ಇಡೀ ಬೀದಿಯ ಕೂಸುಗಳಿಗೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದವರು. ಮಲಗಿದ್ದಲ್ಲಿಂದಲೇ ತೊದಲಿದರು. "ಒಳಗೆ ಒಗೆ ಆಕ್ನೋಡ್ರವ್ವ, ಎಲ್ಲಿಂದ ಆಚಿಗೆ ಬತ್ತದೆ ಅಂತ." ಬಾಗಿಲು, ಕಿಟಕಿ ಭದ್ರ ಮಾಡಿ ಒಳಗೆ ಕೆಂಡದ ಮೇಲೆ ಸಾಂಬ್ರಾಣಿ ಸುರಿದೆವು. ಅಕ್ಕ ಛಾವಣಿಯ ಮೇಲೆ ಬೋರಲು ಮಲಗಿ ನೋಡಿದರು. ಹೊಗೆ ಎದ್ದದ್ದು ಎಲ್ಲೋ ಮುಂದೆ, ಡ್ರೈವರ್ ಸೀಟಿನ ಮೇಲ್ಗಡೆ. ಹಿಂದೆ ಅಲ್ಲಿ ಲಗೇಜಿನ ಕ್ಯಾರಿಯರ್ ಇತ್ತಂತೆ. ಅದನ್ನು ಬಿಚ್ಚಿದಾಗ ಉಳಿದ ಸ್ಕ್ರೂ ತೂತುಗಳು ಬಣ್ಣದ ಅಡಿಯಲ್ಲಿ ಬಾಯಿ ಬಿಟ್ಟುಕೊಂಡಿದ್ದವು. ನೀರು ಅಲ್ಲಿ ಇಳಿದು, ತಗಡಿನ ಅಡಿಯಲ್ಲೇ ಹರಿದು ಬಂದು ಮಂಚದ ಮೇಲೆ ಬೀಳುತ್ತಿತ್ತು. ಅಕ್ಕ ಮೇಲಿನಿಂದ "ಸಿಕ್ಬುಡ್ತು ಅತ್ತೆ!" ಎಂದು ಕೂಗಿದರು. ಆ ತಿಂಗಳಲ್ಲಿ ಅವರು ನಕ್ಕದ್ದು ನೋಡಿದ್ದು ಅವತ್ತೇ.

ತೂತುಗಳನ್ನು ಮುಚ್ಚಿದೆವು. ಮಧ್ಯಾಹ್ನವಾದರೆ ಮಳೆ ಬರುತ್ತಿದ್ದ ದಿನಗಳು. ತಗಡು ಒಣಗಿಸಲು ನಾನು ನನ್ನ ಇಸ್ತ್ರಿ ಪೆಟ್ಟಿಗೆಯನ್ನೇ ಮೇಲಕ್ಕೆ ಕೊಟ್ಟೆ. ಚೌಕದ ಸುತ್ತ ರಬ್ಬರಿನ ಅಂಟುಪಟ್ಟಿ ಹಾಕಿ, ಹೊಸ ಕಿಂಡಿ ಕೂರಿಸಿ, ಸ್ಕ್ರೂ ಬಿಗಿದು, ಈ ಸಲ ಗಾಡಿಗಳಿಗೇ ಬಳಸುವ ಅಂಟನ್ನು ಅಂಚಿಗೂ ಸ್ಕ್ರೂ ತಲೆಗಳಿಗೂ ದಪ್ಪಗೆ ಎಳೆದರು. ಕಿಂಡಿಯ ಮುಚ್ಚಳ ಒಂದು ಕಡೆಗೆ ಮಾತ್ರ ತೆರೆದುಕೊಳ್ಳುವಂಥದ್ದು. ಅದರ ಅಂಚಿನಲ್ಲಿ ಒಂದು ಬಾಣದ ಗುರುತಿತ್ತು. ಅದು ಯಾತಕ್ಕೆಂದು ನಮಗೆ ತಿಳಿಯಲಿಲ್ಲ. ಅಜ್ಜಿಗೆ ಮುಖಕ್ಕೆ ಗಾಳಿ ಬೇಕು. ವರ್ಷಗಟ್ಟಲೆ ಶೀಟಿನ ಮನೆಯ ಸೆಕೆಯಲ್ಲಿ ಬೆಂದಿದ್ದರು. ಆದ್ದರಿಂದ ಅಕ್ಕ ಮುಚ್ಚಳ ಮುಂದಕ್ಕೆ ಬಾಯಿ ತೆರೆಯುವ ಹಾಗೆ ಕೂರಿಸಿದರು. ಮನೆ ಕಟ್ಟುವವರು ಗಾಳಿ ಬರುವ ಕಡೆಗಲ್ಲವೇ ಕಿಟಕಿ ಇಡುವುದು? ಮನೆ ನಿಂತಿರುತ್ತದೆ, ಇದು ಓಡುತ್ತದೆ ಅನ್ನುವುದು ಇಬ್ಬರ ತಲೆಗೂ ಹೋಗಲಿಲ್ಲ.

ಹೊರಡುವ ದಿನ ಬೋಗಾದಿಯಿಂದ ಅಜ್ಜಿಯ ಮಗಳು, ಅಕ್ಕನ ನಾದಿನಿ, ಬಂದು ದೊಡ್ಡ ರಂಪ ಮಾಡಿದಳು. ದಾರಿಯಲ್ಲಿ ಏನಾದರೂ ಆದರೆ ಯಾರು ಹೊಣೆ ಅಂತ. "ನಾನೇ," ಎಂದಷ್ಟೇ ಹೇಳಿ ಅಕ್ಕ ಗಾಡಿ ಹತ್ತಿದರು. ಅವರೇ ಡ್ರೈವರ್. ನಾನು ಅಜ್ಜಿಯ ಜೊತೆ ಹಿಂದೆ. ಹೊಲಿಗೆ ನಿಲ್ಲಿಸಿ ಅಷ್ಟು ದೂರ ಯಾಕೆ ಹೋದೆ ಎಂದು ಈಗಲೂ ಕೇಳುವವರಿದ್ದಾರೆ. ಅಕ್ಕ ಬಾ ಎಂದರು, ಹೋದೆ.

ಹೈದರಾಬಾದ್ ದಾಟುವವರೆಗೂ ಎಲ್ಲ ಸರಿಯಿತ್ತು. ಒಂದು ಹನಿ ಸೋರಲಿಲ್ಲ. ಅಜ್ಜಿ ಕಿಂಡಿ ತೆಗೆಸಿಕೊಂಡು, ಮುಖಕ್ಕೆ ಗಾಳಿ ಬಡಿಸಿಕೊಳ್ಳುತ್ತಾ ಕಣ್ಣು ಮುಚ್ಚಿ ಮಲಗಿದ್ದರು. ಆಮೇಲೆ ಬಯಲು ದಾರಿಯಲ್ಲಿ ಎದುರುಗಾಳಿ ಎದ್ದಿತು. ಪಟೀರ್ ಎಂದು ಸದ್ದಾಯಿತು. ತಲೆ ಎತ್ತಿ ನೋಡಿದರೆ ಮುಚ್ಚಳವಿಲ್ಲ. ಕೀಲು ಸಮೇತ ಕಿತ್ತು ಹಾರಿಹೋಗಿತ್ತು. ಆ ಬಾಣ ಗಾಡಿ ಓಡುವ ದಿಕ್ಕಿನ ಗುರುತು, ಮುಚ್ಚಳ ಹಿಂದಕ್ಕೆ ಬಾಯಿ ತೆರೆಯಬೇಕಿತ್ತು ಎಂದು ಆಗ ಹೊಳೆಯಿತು. ಬರೀ ಚೌಕ, ಅದರ ತುಂಬ ಆಕಾಶ. ಅಕ್ಕ ಗಾಡಿ ನಿಲ್ಲಿಸಿ, ಟಾರ್ಪಾಲು ತೆಗೆದುಕೊಂಡು ಮೇಲೆ ಹತ್ತಿದರು. ಅಷ್ಟರಲ್ಲಿ ಹನಿ ಶುರುವಾಗಿತ್ತು.

"ಮುಚ್ಬ್ಯಾಡ ಕನವ್ವ," ಎಂದರು ಅಜ್ಜಿ. "ಈಗ ಚೆಂದಾಗಿ ಕಾಣ್ತದೆ. ಇಂಗೇ ಇರ್ಲಿ ಬುಡು."

ಅಕ್ಕ ಕಿಂಡಿಯ ಮೇಲೆ ಬಗ್ಗಿ, "ಮಳೆ ಅತ್ತೆ, ಶೀತ ಆಗುತ್ತೆ," ಎಂದರು. ಅಜ್ಜಿ ಕೇಳಲಿಲ್ಲ. ನಾನು ಕೊಡೆ ಬಿಚ್ಚಿ ಹಿಡಿದರೆ ಆಡುವ ಒಂದೇ ಕೈಯಿಂದ ಅದನ್ನು ತಳ್ಳಿದರು. ಮುಖದ ಮೇಲೆ ಹನಿ ಬೀಳುತ್ತಿತ್ತು, ಅವರು ಬಾಯಿ ತೆರೆದು ನಗುತ್ತಿದ್ದರು. ಮೇಲೆ ಅಕ್ಕ ಟಾರ್ಪಾಲಿನ ತುದಿ ಹಿಡಿದುಕೊಂಡು, ಎಳೆಯಲೂ ಆಗದೆ ಬಿಡಲೂ ಆಗದೆ, ತಾವೂ ನೆನೆಯುತ್ತಾ ಕೂತಿದ್ದರು. ಎಷ್ಟು ಹೊತ್ತು ಹಾಗೆ ಇದ್ದೆವೋ... ಮಳೆ ಜೋರಾದ ಮೇಲೆ ಅಜ್ಜಿಯೇ "ಆಯ್ತು, ಮುಚ್ಚವ್ವ" ಎಂದರು. ನಾನು ಅವರ ತಲೆ ಒರೆಸಿ, ಬಟ್ಟೆ ಬದಲಿಸಿ, ಎರಡು ಕಂಬಳಿ ಹೊದಿಸಿದೆ.

ನಾಗಪುರ ತಲುಪಿದಾಗ ಅಜ್ಜಿ ಗೆಲುವಾಗಿಯೇ ಇದ್ದರು. ಜನಸಾಗರ. ಗಾಡಿಗಳನ್ನು ದೂರದಲ್ಲೇ ತಡೆದಿದ್ದರು. ಮತ್ತೆ ಮೋಡ ಕಟ್ಟಿತ್ತು. ರಾತ್ರಿ ಅಜ್ಜಿ ಮಲಗುವುದು ಆ ಕಿಂಡಿಯ ಕೆಳಗೇ. ಅಕ್ಕ ಎಲ್ಲಿಂದಲೋ ಒಂದು ತಗಡಿನ ತುಂಡು ಸಂಪಾದಿಸಿಕೊಂಡು ಬಂದಿದ್ದರು. "ನೀವು ಹೋಗ್ಬನ್ನಿ. ನಾನು ಇದನ್ನ ಭದ್ರ ಮಾಡ್ಬುಟ್ಟು ಸಾಯಂಕಾಲ ಹೋಗ್ತೀನಿ," ಎಂದರು. ನಮ್ಮ ಬೀದಿಯ ಬಸ್ಸಿನವರು ಗಾಲಿಕುರ್ಚಿ ತಳ್ಳಲು ಬಂದರು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದೆ. ಅಕ್ಕ ವ್ಯಾನಿನ ಮೇಲೆ ಅಂಟಿನ ಗನ್ನು ಹಿಡಿದು ನಿಂತು, ಮರಗಳ ಆಚೆ ಕಾಣುವ ದೀಕ್ಷಾಭೂಮಿಯ ಬಿಳಿ ಗುಮ್ಮಟದ ಕಡೆ ನೋಡುತ್ತಿದ್ದರು.

ಒಳಗೆ ಅಜ್ಜಿ ಆಡುವ ಕೈಯಿಂದ ಬಿದ್ದ ಕೈಯನ್ನು ಎತ್ತಿ, ಎರಡನ್ನೂ ಜೋಡಿಸಿ ಹಣೆಗೆ ಮುಟ್ಟಿಸಿದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ನನಗೆ ಆ ಜಾಗದ ಹಿಂದುಮುಂದು ಅಷ್ಟಾಗಿ ತಿಳಿಯದು, ಆದರೆ ಒಂದು ಜೀವ ಇಡೀ ಆಯಸ್ಸು ಕಾದದ್ದು ಕೈಗೆ ಸಿಕ್ಕಿದ್ದನ್ನು ಕಣ್ಣಾರೆ ಕಂಡೆ.

ವ್ಯಾನಿಗೆ ವಾಪಸು ಬರುವಷ್ಟರಲ್ಲಿ ಅಜ್ಜಿಯ ಮೈ ಸುಡುತ್ತಿತ್ತು. ಅಕ್ಕ ಹಣೆ ಮುಟ್ಟಿದವರೇ ಸ್ಟಿಯರಿಂಗ್ ಹಿಡಿದು ಆಸ್ಪತ್ರೆ ಹುಡುಕಿಕೊಂಡು ಹೊರಟರು. ಸಾಯಂಕಾಲ ಹೋಗುತ್ತೇನೆ ಎಂದಿದ್ದು ಅಲ್ಲಿಗೇ ನಿಂತಿತು. ಜ್ವರ ತುಸು ಇಳಿದ ಮೇಲೆ, ಮನೆಗೆ ಹೋಗೋಣ ಎಂದು ಅಜ್ಜಿ ಹಟ ಹಿಡಿದರು. ಕರೆತಂದೆವು. ದೀಪಾವಳಿಗೆ ಮೊದಲೇ ತೀರಿಕೊಂಡರು. ಎದೆಯಲ್ಲಿ ಕಫ ಕಟ್ಟಿತ್ತು.

ಸಾವಿನ ಮನೆಯಲ್ಲಿ ನಾದಿನಿ ಎಲ್ಲರ ಎದುರು ಅಕ್ಕನನ್ನು ಕೊಲೆಗಾತಿ ಎಂದಳು. ಅಕ್ಕ ತಲೆ ತಗ್ಗಿಸಿ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. ಮುಚ್ಚಬೇಡ ಎಂದದ್ದು ಅಜ್ಜಿಯೇ ಎಂದು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವಳು ನನ್ನ ಕಡೆ ತಿರುಗಿ, "ಅವ್ವ ಏಳ್ಬುಟ್ರೆ ಕೇಳ್ಬುಡೋದಾ? ಅತ್ತಿಗೆ ನರ್ಸ್ ಅಲ್ವಾ?" ಎಂದಳು. ಆ ಮಾತು ಮುಳ್ಳಿನ ಹಾಗೆ ಅಕ್ಕನಿಗೆ ನಾಟಿಕೊಂಡಿತು. ಜನ ಚದುರಿದ ಮೇಲೆ ಅವರೂ ಅದನ್ನೇ ಕೇಳಿದರು. "ವಾರ್ಡಲ್ಲಿ ಯಾವ ಪೇಶೆಂಟಾದ್ರೂ ಹಂಗಂದಿದ್ರೆ ನಾನು ಬಿಡ್ತಿದ್ನಾ, ಹೇಳು?"

"ಅಜ್ಜಿ ಪೇಶೆಂಟಾ ಅಕ್ಕ?" ಎಂದೆ. ಅವರು ಎದ್ದು ಅಜ್ಜಿಯ ಹಾಸಿಗೆ ಮಡಚತೊಡಗಿದರು.

ವ್ಯಾನು ಮಾರಿದರು. ಕೆಲವು ತಿಂಗಳಿಗೆ ಆ ಮನೆಯನ್ನೂ ಬಿಟ್ಟು ಕೆಸರೆಯ ತಮ್ಮನ ಮನೆಗೆ ಹೋದರು. ನಾನೂ ಆಮೇಲೆ ಈಗಿನ ಈ ಮನೆಗೆ ಬಂದೆ. ಆಗಾಗ ಹೋಗಿ ಅಕ್ಕನನ್ನು ನೋಡಿಕೊಂಡು ಬರುತ್ತಿದ್ದೆ. ಹೋದಾಗಲೆಲ್ಲ, ಅಜ್ಜಿಯ ಮಾತು ಕೇಳಿದ್ದು ಸರಿ, ಎಷ್ಟೋ ವರ್ಷದಿಂದ ಅವರಿಗೆ ಏನು ಬೇಕು ಅಂತ ಯಾರೂ ಕೇಳಿರಲಿಲ್ಲ, ನೀವು ಕೇಳಿದಿರಿ ಎಂದು ಹೇಳುತ್ತಿದ್ದೆ. ಅವರು ಕಾಫಿ ಲೋಟ ತೆಗೆದುಕೊಂಡು ಒಳಗೆ ಎದ್ದು ಹೋಗುತ್ತಿದ್ದರು. ದಸರಾ ಬಂದಾಗ ಬೀದಿಯವರು ಬಸ್ಸಿಗೆ ಕರೆದರೆ, "ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದುಬಿಡುತ್ತಿದ್ದರು. ಹೋದ ವರ್ಷ ಮಳೆಗಾಲದಲ್ಲಿ ಅಕ್ಕ ತೀರಿಕೊಂಡರು. ಒಮ್ಮೆಯೂ ನಾಗಪುರಕ್ಕೆ ಹೋಗಲಿಲ್ಲ...

ಪ್ಲಂಬರ್ ಹೋದ ಮೇಲೆ ಸೀದ ಸಾಸಿವೆ ಚೆಲ್ಲಿ ಬಾಣಲೆ ತೊಳೆದಿಟ್ಟೆ. ಈ ವರ್ಷದ ಬಸ್ಸಿಗೆ ಬರುತ್ತೀಯಾ ಎಂದು ಅಶೋಕಪುರಂನಿಂದ ಫೋನು ಬಂದಿತ್ತು, ಆಮೇಲೆ ಹೇಳುತ್ತೇನೆ ಎಂದಿದ್ದೆ. ಅವತ್ತೇ ಫೋನು ಮಾಡಿ ಬರುತ್ತೇನೆ ಎಂದೆ. ಅಲ್ಲಿ ಹೋಗಿ ಏನು ಕೇಳಿಕೊಳ್ಳಬೇಕೋ ನನಗೆ ಗೊತ್ತಿಲ್ಲ. ಅತ್ತೆಯನ್ನು ಅಷ್ಟು ದೂರ ಕರೆದೊಯ್ದ ಅಕ್ಕ ಒಳಗೆ ಕಾಲಿಡದೆ ಹೊರಗಿನಿಂದಲೇ ತಿರುಗಿ ಹೋದರು. ಅದನ್ನು ಅಲ್ಲಿ ನಿಂತು ಹೇಳಿ, ಒಂದು ಸಲ ಮನಸಾರೆ ಅತ್ತು ಬರಬೇಕು.