ಐಸಣ್ಣನ ಅಂಗೈ

ಹತ್ತಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಐಸಣ್ಣ ಅಡುಗೆಮನೆಯ ಸ್ಟೌ ಹಚ್ಚಿ, ಪಾತ್ರೆಯನ್ನೇನೂ ಇಡದೆ, ಉರಿಯ ಮೇಲೆ ಎರಡೂ ಅಂಗೈ ಚಾಚಿ ನಿಂತಿದ್ದ. ಏಳು ತಿಂಗಳ ಮಗಳನ್ನು ಎತ್ತಿಕೊಳ್ಳುವ ಮುಂಚೆ ದಿನವೂ ಹೀಗೆ ಕೈ ಕಾಯಿಸಬೇಕು. ಇದು ಅವನ ಹೆಂಡತಿ ಮಾಡಿದ ಕಾನೂನು.

"ನೂರರ ತನಕ ಎಣಿಸಿ. ಐವತ್ತಕ್ಕೇ ಕೈ ತೆಗೀಬೇಡಿ," ಎಂದಳು ಅವಳು, ಚಪ್ಪಲಿ ಹಾಕಿಕೊಳ್ಳುತ್ತಾ. "ನಿನ್ನೆ ನೀವು ಮುಟ್ಟಿದ್ದಕ್ಕೆ ಪುಟ್ಟಿ ಮೀನಿನ ಹಾಗೆ ಎಗರಿಬಿದ್ಲು."

"ಎಣಿಸ್ತಿದೀನಲ್ಲ ಮಾರಾಯ್ತಿ, ಮಧ್ಯದಲ್ಲಿ ಮಾತಾಡಿಸಿ ಲೆಕ್ಕ ತಪ್ಪಿಸ್ಬೇಡ."

ಅವಳು ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವ ಕೆಲಸದವಳು. ಅವನದು ಐಸ್ ಕಾರ್ಖಾನೆ. ಬೆಳಗಾಗುವ ಮುಂಚೆ ಹೋಗಿ, ಉಪ್ಪುನೀರಿನ ತೊಟ್ಟಿಯಿಂದ ತಗಡಿನ ಅಚ್ಚುಗಳನ್ನು ಎತ್ತಿ, ಮಂಜುಗಡ್ಡೆ ಬಿಡಿಸಿ ಲಾರಿಗೆ ಜಾರಿಸಿ, ಒಂಬತ್ತೂವರೆಗೆ ಮನೆಗೆ ಬರುತ್ತಾನೆ. ಕೈಗವಸು ಕೊಟ್ಟಿದ್ದಾರೆ, ಒದ್ದೆಯಾದರೆ ಹಿಡಿತ ಜಾರುತ್ತದೆಂದು ಯಾರೂ ಹಾಕುವುದಿಲ್ಲ. ಹನ್ನೊಂದು ವರ್ಷ ಹೀಗೆ ದುಡಿದ ಅವನ ಅಂಗೈ ದಪ್ಪಗಾಗಿದೆ, ಮಧ್ಯಾಹ್ನದವರೆಗೂ ತಣ್ಣಗಿರುತ್ತದೆ, ಏನು ಮುಟ್ಟಿದರೂ ಬಿಸಿ ಅನ್ನಿಸುತ್ತದೆ.

ಆ ಕೈಯಿಂದ ಮುಟ್ಟಿ, ಮಗುವಿಗೆ ಜ್ವರ ಬಂದಿದೆ ಎಂದು ಅವನು ಈಗಾಗಲೇ ಮೂರು ಸಲ ಚಿಕಿತ್ಸಾಲಯಕ್ಕೆ ಓಡಿದ್ದ. ಮೂರು ಸಲವೂ ಜ್ವರವಿರಲಿಲ್ಲ. ಮೂರನೆಯ ಸಲ ಅಲ್ಲಿನ ನರ್ಸ್ ಅವನ ಕೈ ಹಿಡಿದು ಗೋಡೆಗೆ ಒತ್ತಿ, "ನೋಡಿ ಅಣ್ಣ, ಇದಕ್ಕೂ ಜ್ವರ ಇದ್ಯಾ?" ಎಂದಿದ್ದಳು. ಕಾದು ಕೂತವರೆಲ್ಲ ನಕ್ಕಿದ್ದರು. ಸುದ್ದಿ ಅತ್ತೆಯ ಮನೆಗೂ ಹೋಯಿತು. "ಅಳಿಯಂದಿರೇ, ನಮ್ಮ ಮಂಚಕ್ಕೆ ಯಾಕೋ ಮೈ ಬೆಚ್ಚಗಿದೆ, ಬಂದು ನೋಡ್ತೀರಾ?" ಎಂದು ಅತ್ತೆ ಫೋನಿನಲ್ಲೇ ಚೇಷ್ಟೆ ಮಾಡಿದರು. ಅವನೂ ನಕ್ಕ. ಆದರೆ ಇನ್ನು ಮುಂದೆ ಈ ಕೈಯ ಮಾತು ಕೇಳಬಾರದೆಂದು ಅಂದೇ ತೀರ್ಮಾನಿಸಿದ.

ಈ ದಿನ ಹೆಂಡತಿ ಹೊರಟ ಮೇಲೆ, ಮಗು ಹನ್ನೊಂದಕ್ಕೆ ಕೊಸರಾಡುತ್ತಲೇ ಎದ್ದಿತು. ಬಾಟಲಿ ಬಾಯಿಗಿಟ್ಟರೆ ಮುಖ ತಿರುಗಿಸಿತು. ಹಣೆ ಮುಟ್ಟಿದ. ಸುಡುತ್ತಿತ್ತು. "ಇಲ್ಲ, ನಂದೇ ಕೈ," ಎಂದು ಗಟ್ಟಿಯಾಗಿ ಹೇಳಿಕೊಂಡ. ಥರ್ಮಾಮೀಟರ್ ಕಪಾಟಿನಲ್ಲಿತ್ತು, ಅದರ ಸೆಲ್ ಮುಗಿದು ತಿಂಗಳಾಗಿತ್ತು. ಅವನು ತರುತ್ತಾನೆಂದು ಅವಳು, ಅವಳು ತರುತ್ತಾಳೆಂದು ಅವನು ಸುಮ್ಮನಿದ್ದರು.

ಅವನು ಮತ್ತೆ ಸ್ಟೌ ಹಚ್ಚಿದ. ನೂರು ಸಾಲದೆಂದು ಇನ್ನೂರರವರೆಗೆ ಎಣಿಸಿದ. ಚುರುಗುಟ್ಟುವ ಕೈಯನ್ನು ತಂದು ಮಗುವಿನ ಹಣೆಗಿಟ್ಟ. ಈಗ ಬಿಸಿ ಅನ್ನಿಸಲಿಲ್ಲ. ಹೋದ ಜೀವ ಬಂದಂತಾಯಿತು. ಕೈಯೇ ಉರಿಯಷ್ಟು ಕಾದಿರುವಾಗ ಯಾವ ಜ್ವರವೂ ಅದಕ್ಕೆ ತಿಳಿಯುವುದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

ಮಗು ಅಳು ನಿಲ್ಲಿಸಲಿಲ್ಲ. ಹೆಗಲಿಗೆ ಹಾಕಿಕೊಂಡು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆದ. ಅವನಿಗೆ ಬರುವ ಜೋಗುಳ ಒಂದೇ, ಲಾರಿಗೆ ಗಡ್ಡೆ ತುಂಬುವಾಗ ಕೂಗುವ ಎಣಿಕೆ. "ಒಂದು ಹೋಯ್ತು, ಜಾರಿ ಹೋಯ್ತು; ಎರಡು ಹೋಯ್ತು, ಜಾರಿ ಹೋಯ್ತು." ನಲವತ್ತರವರೆಗೆ ಹೋಗಿ ಮತ್ತೆ ಒಂದಕ್ಕೆ ಬಂದ. ನಲ್ಲಿಯಲ್ಲಿ ತೊಳೆದು ತಣ್ಣಗಾದ ಕೈಯನ್ನು ಒಮ್ಮೆ ಅದರ ಕೆನ್ನೆಗಿಟ್ಟಾಗ ಮಗು ಎಗರಲಿಲ್ಲ. ಅಳು ತಗ್ಗಿಸಿ, ಕೆನ್ನೆಯನ್ನು ಅವನ ಅಂಗೈಗೇ ಒತ್ತಿಕೊಂಡಿತು. ಅದು ಅವನಿಗೆ ಹಿಡಿಸಿತು. ಒಂದು ಕೈ ಬೆಚ್ಚಗಾದರೆ ಇನ್ನೊಂದು, ಅದೂ ಬೆಚ್ಚಗಾದರೆ ಮತ್ತೆ ನಲ್ಲಿ. ಹೀಗೆ ಒಂದು ಗಂಟೆ ಕಳೆಯಿತು.

ಅಂಚೆ ಕಚೇರಿಯಲ್ಲಿ ಫೋನುಗಳನ್ನು ಊಟದ ಹೊತ್ತಿನವರೆಗೆ ಪೆಟ್ಟಿಗೆಯಲ್ಲಿ ಇಟ್ಟಿರಬೇಕು. ಒಂದಕ್ಕೆ ಸರಿಯಾಗಿ ಹೆಂಡತಿಗೆ ಫೋನ್ ಮಾಡಿದ.

"ಹಾಲು ಕುಡೀತಿಲ್ಲ ಕಣೇ. ಮೈ..."

"ಮತ್ತೆ ಶುರುವಾಯ್ತಾ? ಕೈ ಕಾಯಿಸ್ಕೊಂಡು ನೋಡಿದ್ರಾ?"

"ಎರಡು ಸಲ ನೋಡ್ದೆ."

"ಬಿಸಿ ಇತ್ತಾ?"

"ಗೊತ್ತಾಗ್ಲಿಲ್ಲ."

"ಮತ್ತಿನ್ನೇನ್ರೀ? ಹಲ್ಲು ಬರೋ ಹೊತ್ತು, ಅದಕ್ಕೇ ರಗಳೆ. ಮೇಲಿನ ಮನೆ ಅಜ್ಜಿಗೆ ತೋರ್ಸಿ ಬೇಕಾದ್ರೆ. ನರ್ಸ್ ಹತ್ರ ಹೋಗಿ ಇನ್ನೊಂದ್ಸಲ ಮಾನ ಕಳ್ಕೋಬೇಡಿ."

ಅಜ್ಜಿಯ ಹತ್ತಿರವೂ ಅವನು ಹೋಗಲಿಲ್ಲ. ಅವರೂ ಗೋಡೆಯ ಕತೆ ಕೇಳಿ ನಕ್ಕವರೇ.

ಒಂದೂ ಮುಕ್ಕಾಲಿಗೆ ಮಗು ಅಳು ನಿಲ್ಲಿಸಿತು. ಸದ್ಯ ಮಲಗಿತಲ್ಲ ಎಂದು ಚಾಪೆಯ ಮೇಲೆ ಇಳಿಸಿದ. ಕಣ್ಣು ಅರೆತೆರೆದಿತ್ತು. ತಣ್ಣನೆಯ ಕೈ ತಾಗಿಸಿದ. ಎಗರಲೂ ಇಲ್ಲ, ಒತ್ತಿಕೊಳ್ಳಲೂ ಇಲ್ಲ. ತೋಳು ಎತ್ತಿ ಬಿಟ್ಟರೆ ಬಟ್ಟೆಯ ಹಾಗೆ ಬಿತ್ತು. "ಪುಟ್ಟಿ, ಏ ಪುಟ್ಟಿ, ಅಳೇ, ಅಳಮ್ಮ" ಎಂದು ಬಗ್ಗಿ ಹಣೆಗೆ ಮುತ್ತಿಟ್ಟ. ತುಟಿ ಸುಟ್ಟಿತು.

ಮಂಜುಗಡ್ಡೆಗೆ ಅವನು ಕೈ ಕೊಟ್ಟಿದ್ದನೇ ಹೊರತು ತುಟಿಯನ್ನಲ್ಲ.

ಮಗುವನ್ನು ಎತ್ತಿಕೊಂಡು ಎರಡೆರಡು ಮೆಟ್ಟಿಲು ಹಾರಿ ಮಹಡಿಗೆ ಓಡಿದ. ಅಜ್ಜಿ ಹೊಲಿಗೆ ಯಂತ್ರದ ಮುಂದಿದ್ದರು.

"ಅಜ್ಜಿ, ನೀವು ಮುಟ್ಟಿ ಹೇಳಿ. ನನ್ನ ಕೈ ಬೇಡ, ನೀವು ಹೇಳಿ."

ಅಜ್ಜಿ ಮುಟ್ಟಿದರು. ನಗಲಿಲ್ಲ. "ಕೆಂಡ ಕಣೋ ಇದು! ಇಷ್ಟೊತ್ತು ಏನು ಮಾಡ್ತಿದ್ದೆ? ನಿಂತ್ಕೊಂಡು ನನ್ನ ಮುಖ ಏನು ನೋಡ್ತೀಯ, ಓಡು!"

ನಾಲ್ಕು ಬೀದಿ ಬರಿಗಾಲಲ್ಲಿ ಓಡಿದ. ನರ್ಸ್ ತಲೆಯೆತ್ತಿ, "ಬಂದ್ರಾ ಐಸಣ್ಣ, ಇವತ್ತು ಯಾವ ಗೋಡೆ..." ಎಂದವಳು ಮಗುವಿನ ಮುಖ ನೋಡಿ ಎದ್ದು ಬಂದಳು. ಥರ್ಮಾಮೀಟರ್ ನೂರ ನಾಲ್ಕು ದಾಟಿತ್ತು.

"ಯಾವಾಗಿಂದ?" ಡಾಕ್ಟರು ಕೇಳಿದರು.

"ಹನ್ನೊಂದರಿಂದ."

ಡಾಕ್ಟರು ಗಡಿಯಾರ ನೋಡಿದರು. ಎರಡೂ ಕಾಲು ಆಗಿತ್ತು.

"ಐಸ್ ತರ್ಲಾ ಡಾಕ್ಟ್ರೇ? ಕಾರ್ಖಾನೆ ಇಲ್ಲೇ ಹಿಂದುಗಡೆ. ಎಷ್ಟು ಬೇಕು ಹೇಳಿ, ಎಷ್ಟು ಬೇಕಾದ್ರೂ ತರ್ತೀನಿ."

"ಐಸ್ ಮುಟ್ಟಿಸ್ಬೇಡಿ, ಮಗು ನಡುಗಿ ಜ್ವರ ಇನ್ನೂ ಏರತ್ತೆ. ಔಷಧ ಕೊಡ್ತೀನಿ. ಉಗುರುಬೆಚ್ಚಗಿನ ನೀರಲ್ಲಿ ಮೈ ಒರೆಸಿ, ಅಷ್ಟೇ. ಈಗಲೇ ದೊಡ್ಡಾಸ್ಪತ್ರೆಗೆ ಕಳಿಸ್ತಿದೀನಿ."

ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿಗೆ ಹೆಂಡತಿ ಬಂದಾಗ ನಾಲ್ಕೂವರೆ. ಪರೀಕ್ಷೆಗೆ ರಕ್ತ ತೆಗೆದು, ಮಗುವಿನ ಪುಟ್ಟ ಕೈಗೆ ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದರು. ಐಸಣ್ಣ ಸ್ಟೂಲಿನ ಮೇಲೆ ಕೂತು, ಬಟ್ಟೆಯನ್ನು ಬೋಗುಣಿಯ ನೀರಿಗೆ ಅದ್ದುವುದು, ಹಿಂಡುವುದು, ಕಂಕುಳು ತೊಡೆಸಂದು ಒರೆಸುವುದು ಮಾಡುತ್ತಿದ್ದ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಹದಿನೇಳು ಹೋಯ್ತು, ಹದಿನೆಂಟು ಹೋಯ್ತು. ನೀರಿನ ಬಿಸಿಯನ್ನು ಅವನು ಕೈಯಿಂದ ನೋಡುತ್ತಿರಲಿಲ್ಲ. ಬೋಗುಣಿಯನ್ನೆತ್ತಿ ತುಟಿಗೆ ತಾಗಿಸಿ ನೋಡುತ್ತಿದ್ದ.

ಅವಳು ಮಗುವಿನ ಕಾಲು ಹಿಡಿದು ನೋಡಿದಳು. ಆಮೇಲೆ ಗಂಡನ ಕೈಯನ್ನು ಎಳೆದು ಮಗುವಿನ ಎದೆಯ ಮೇಲಿಟ್ಟಳು.

"ಹೇಳ್ರೀ. ಇಳಿದಿದ್ಯಾ?"

ಎರಡು ಗಂಟೆ ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ ಕೈ ಅದು.

"ಗೊತ್ತಾಗ್ತಿಲ್ಲ ಕಣೇ," ಎಂದ.

ರಕ್ತಪರೀಕ್ಷೆಯ ವರದಿ ನಾಳೆ ಬೆಳಗ್ಗೆ ಹನ್ನೊಂದಕ್ಕೆ ಬರುತ್ತದೆ.