ರಾಘಣ್ಣನ ಸರ್ವರಿನಲ್ಲಿ ಅರ್ಧಕ್ಕೆ ನಿಂತ ಮಾತು

ಕೋವಿಡ್‌ನ ಎರಡನೇ ಅಲೆ ಇಳಿದ ಮೇಲಿನ ಮಳೆಗಾಲ ಅದು. ನಾನು ಕುಂದಾಪುರದಲ್ಲಿ ಕಂಪ್ಯೂಟರ್ ಸರ್ವಿಸ್ ಅಂಗಡಿ ಇಟ್ಟು ಹದಿನೇಳು ವರ್ಷವಾಗಿತ್ತು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾರ ಸರ್ವರ್ ಕೆಟ್ಟರೂ ಫೋನು ನನಗೇ ಬರುತ್ತಿತ್ತು. ಹಾಗಾಗಿ ತಲೆ ಸ್ವಲ್ಪ ತಿರುಗಿತ್ತು ಎಂದೇ ಹೇಳಬೇಕು. ಗಿರಾಕಿ ಎರಡು ಮಾತು ಹೆಚ್ಚು ಆಡಿದರೆ ಸಿಟ್ಟು ಬರುತ್ತಿತ್ತು.

ಬೈಂದೂರಿನ ರಾಘಣ್ಣನದು ಮದುವೆ ವಿಡಿಯೋ ಮಾಡುವ ಸ್ಟುಡಿಯೋ. ಹತ್ತು ವರ್ಷದ ಮದುವೆಗಳೆಲ್ಲ ಒಂದು ಸರ್ವರಿನಲ್ಲಿದ್ದವು. ಅದರಲ್ಲಿ ನಾಲ್ಕು ಡಿಸ್ಕ್‌ಗಳನ್ನು ಸೇರಿಸಿ ನಾನೇ ಸಾಫ್ಟ್‌ವೇರ್ ರೇಡ್ ಮಾಡಿಕೊಟ್ಟಿದ್ದೆ. ನಾಲ್ಕರಲ್ಲಿ ಒಂದು ಸತ್ತರೂ ಉಳಿದ ಮೂರನ್ನು ಓದಿ, ಸತ್ತದ್ದರಲ್ಲಿ ಏನಿತ್ತೆಂದು ಲೆಕ್ಕ ಹಾಕಿ ಹೊಸ ಡಿಸ್ಕಿಗೆ ತುಂಬಿಸುವ ವ್ಯವಸ್ಥೆ ಇದು. ಹಾಗೆ ತುಂಬಿಸುವುದಕ್ಕೆ ರೀಬಿಲ್ಡ್ ಎನ್ನುತ್ತಾರೆ. ಹಿಂದಿನ ದಿನವಷ್ಟೇ ಒಂದು ಡಿಸ್ಕ್ ಬದಲಿಸಿ ಬಂದಿದ್ದೆ, ರೀಬಿಲ್ಡ್ ಇನ್ನೂ ನಡೆಯುತ್ತಿತ್ತು. ಅಷ್ಟರಲ್ಲಿ ರಾಘಣ್ಣ ಫೋನು ಮಾಡಿದ. ಲೈನ್ ಕೆಲಸಕ್ಕೆಂದು ಹನ್ನೊಂದು ಗಂಟೆಗೆ ಕರೆಂಟು ತೆಗೆದರೆ ಸಂಜೆಯವರೆಗೆ ಬರುವುದಿಲ್ಲವಂತೆ, ಸರ್ವರನ್ನು ನೀನೇ ಬಂದು ನಿಲ್ಲಿಸಿಕೊಡು ಎಂದ.

ನಾನು ತಲುಪಿದಾಗ ಹನ್ನೊಂದಕ್ಕೆ ಇನ್ನೂ ಕಾಲು ಗಂಟೆಯಿತ್ತು. ಸ್ಟುಡಿಯೋದ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಕಿರಿಮಂಜೇಶ್ವರದ ಗಿರಿಜ ಎಂದು ರಾಘಣ್ಣ ಪರಿಚಯ ಮಾಡಿಕೊಟ್ಟ. ಅವರ ಗಂಡ ಮೀನಿಗೆ ಹೋದವರು ದೋಣಿ ಸಮೇತ ಕಾಣೆಯಾಗಿ ಒಂದೂವರೆ ವರ್ಷವಾಗಿತ್ತು. ಅದಕ್ಕೂ ಮೊದಲು ಗೆಳೆಯನೊಬ್ಬನ ಮದುವೆಯಲ್ಲಿ ರಾಘಣ್ಣನ ಕ್ಯಾಮೆರಾದ ಎದುರು ನಿಂತು ಹೆಂಡತಿಗೆಂದು ಏನೋ ಹೇಳಿದ್ದರಂತೆ. ಗಿರಿಜ ಆಗ ಬಾಣಂತಿ, ಮದುವೆಗೆ ಹೋಗಿರಲಿಲ್ಲ. ಹೇಳಿದ್ದೇನೆಂದು ಗೆಳೆಯನಿಗೂ ನೆನಪಿಲ್ಲ, ನೂರಾರು ಮದುವೆ ತೆಗೆದ ರಾಘಣ್ಣನಿಗೂ ನೆನಪಿಲ್ಲ. ಮದುವೆಯವರಿಗೆ ಕೊಟ್ಟ ಪ್ರತಿಯಲ್ಲಿ ಆ ಭಾಗವನ್ನು ಕತ್ತರಿಸಿದ್ದರು. ಉಳಿದದ್ದು ಈ ಸರ್ವರಿನಲ್ಲಿ ಮಾತ್ರ.

"ಅವ್ರ್ ಎಂತ ಹೇಳಿರ್ ಅಂದೇಳಿ ಒಂದ್ಸಲ ಕೇಂಬುಕಿತ್ತ್" ಎಂದರು ಗಿರಿಜ. ಗಂಡನ ಆ ಮಾತನ್ನು ಒಮ್ಮೆ ಕೇಳಬೇಕು, ಅಷ್ಟೇ.

ಯುಪಿಎಸ್ ಬ್ಯಾಟರಿ ಇಪ್ಪತ್ತು ನಿಮಿಷ ಬರುತ್ತಿತ್ತು. ಸಮಯ ಬೇಕಾದಷ್ಟಿತ್ತು. ಆದರೆ ಕೆಲಸದ ಮಧ್ಯೆ ಬೇರೆ ಕೆಲಸ ಹೇಳಿದರೆ ನನಗಾಗುವುದಿಲ್ಲ. "ನಾಳಿಗ್ ಬನ್ನಿ ಅಕ್ಕ, ಈಗ ಇದನ್ ಬಂದ್ ಮಾಡುಕಿತ್ತ್" ಎಂದೆ. ಅವರು ಏನೂ ಬೇಸರ ಮಾಡದೆ ಎದ್ದು, ನಾಳೆ ಬರುತ್ತೇನೆಂದು ಹೇಳಿ ಹೋದರು.

ಫೈಲುಗಳ ಜಾಗವನ್ನು ಅನ್‌ಮೌಂಟ್ ಮಾಡಿ, ಅಂದರೆ ಸಿಸ್ಟಮ್ಮಿನಿಂದ ಬಿಡಿಸಿ, ರೇಡ್ ನಿಲ್ಲಿಸುವ ಕಮಾಂಡ್ ಕೊಟ್ಟೆ. ಕಮಾಂಡ್ ಮುಗಿಯದೆ ಹಾಗೇ ಸಿಕ್ಕಿಕೊಂಡಿತು. ಐದು ನಿಮಿಷವಾಯಿತು, ಹತ್ತಾಯಿತು. ಕಾರಣ ಆಮೇಲೆ ಓದಿ ತಿಳಿದುಕೊಂಡೆ. ನಿಲ್ಲಿಸುವ ಕಮಾಂಡ್ ಮೊದಲು, ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಸಿಗುವ ರೇಡಿನ ಬೀಗವನ್ನು ತನ್ನ ಕೈಗೆ ತೆಗೆದುಕೊಂಡು, ರೀಬಿಲ್ಡ್ ನಿಲ್ಲಲಿ ಎಂದು ಕಾಯುತ್ತದೆ. ರೀಬಿಲ್ಡ್ ನಿಲ್ಲಬೇಕಾದರೆ ತಾನು ಎಲ್ಲಿಯವರೆಗೆ ಬಂದಿದ್ದೇನೆಂಬ ಗುರುತನ್ನು ಡಿಸ್ಕಿನಲ್ಲಿ ಬರೆಸಬೇಕು. ಬರೆಯಲು ಅದೇ ಬೀಗ ಬೇಕು. ಹಳ್ಳ ದಾಟುವ ಒಂಟಿಮರದ ಕಾಲುಸಂಕದ ನಡುವೆ ಎದುರುಬದುರಾದ ಇಬ್ಬರು, ನೀನು ಮೊದಲು ಹಿಂದೆ ಹೋಗು ಎಂದು ನಿಂತ ಹಾಗೆ. ಇದಕ್ಕೇ ಡೆಡ್‌ಲಾಕ್ ಎನ್ನುವುದು. ಮೊದಲು ರೀಬಿಲ್ಡನ್ನು ತಡೆದು, ಅದು ಪೂರ್ತಿ ನಿಂತದ್ದನ್ನು ಕಣ್ಣಾರೆ ಕಂಡು, ನಂತರವೇ ರೇಡ್ ನಿಲ್ಲಿಸಬೇಕಿತ್ತು. ನಾನು ನೇರವಾಗಿ ನಿಲ್ಲಿಸಲು ಹೋಗಿದ್ದೆ.

ಕರೆಂಟು ಹೋಯಿತು. ಯುಪಿಎಸ್ ಕೂಗತೊಡಗಿತು. ಬ್ಯಾಟರಿ ಮುಗಿಯುತ್ತ ಬಂದರೂ ಕಮಾಂಡ್ ಅಲುಗಲಿಲ್ಲ, ಕೊನೆಗೆ ನಾನು ಪವರ್ ಬಟನನ್ನು ಒತ್ತಿ ಹಿಡಿದೆ.

ಸಂಜೆ ಕರೆಂಟು ಬಂದ ಮೇಲೆ ನೋಡಿದರೆ ಹಳೆಯ ಡಿಸ್ಕ್‌ಗಳಲ್ಲೊಂದು ಸರಿಯಾಗಿ ಏಳಲಿಲ್ಲ, ಅದರ ಕೆಲವು ಜಾಗಗಳನ್ನು ಓದಲು ಆಗುತ್ತಿರಲಿಲ್ಲ. ಹೊಸತು ಇನ್ನೂ ಅರ್ಧ ಖಾಲಿ. ಒತ್ತಾಯದಿಂದ ರೇಡ್ ಜೋಡಿಸಿದೆ. ಹೆಚ್ಚಿನ ಮದುವೆಗಳು ಉಳಿದವು, ರಾಘಣ್ಣ ನನ್ನ ಬೆನ್ನು ತಟ್ಟಿದ. ಗಿರಿಜ ಕೇಳಿದ ಫೈಲು ಮಾತ್ರ ನಡುವೆ ಹರಿದುಹೋಗಿತ್ತು.

ಮರುದಿನ ಬೆಳಿಗ್ಗೆ ಅವರು ಬಂದರು. ಹಾಕಿ ತೋರಿಸಿದೆ. ನೀಲಿ ಅಂಗಿಯ ಮನುಷ್ಯ ನಗುತ್ತಾ ಕ್ಯಾಮೆರಾದ ಹತ್ತಿರ ಬಂದು, "ಹ್ವಾಯ್, ಇಲ್ಲ್ ಕಾಣಿ. ನಮ್ ಗಿರಿಜಂಗೆ ಒಂದ್ ಮಾತ್ ಹೇಳುಕಿತ್ತ್" ಎಂದರು. ಬಾಯಿ ತೆರೆದರು. ಅಲ್ಲಿಗೆ ಪರದೆಯ ತುಂಬ ಹಸಿರು ಚೌಕಗಳು ಹರಡಿ ಚಿತ್ರ ನಿಂತಿತು. ಗಿರಿಜ ಮೂರು ಸಲ ಹಾಕಿಸಿ ನೋಡಿದರು. ಅಳಲಿಲ್ಲ.

"ನಿನ್ನೆ ಕಾಂಬುಕ್ ಎಷ್ಟ್ ಹೊತ್ತ್ ಬೇಕಿತ್ತ್?" ಎಂದು, ನಿನ್ನೆಯೇ ಹಾಕಿ ನೋಡಿದ್ದರೆ ಎಷ್ಟು ಹೊತ್ತಾಗುತ್ತಿತ್ತೆಂದು, ಕೇಳಿದರು.

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಎರಡ್ ನಿಮಿಷ" ಎಂದೆ.

ಅವರು ಅಷ್ಟನ್ನೇ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಸ್ಸಿಗೆ ಹೋದರು. ಒಂದು ಕೆಟ್ಟ ಮಾತು ಆಡಲಿಲ್ಲ. ಬೈದಿದ್ದರೆ ನನಗೆ ಒಳ್ಳೆಯದಿತ್ತು. ಆ ಡಿಸ್ಕುಗಳ ಪ್ರತಿ ತೆಗೆದಿಟ್ಟುಕೊಂಡು ಎಂಟು ತಿಂಗಳು ಹೆಣಗಿದೆ. ಸಿಕ್ಕಿದ್ದು ಒಂದು ಉಸಿರಿನ ಸದ್ದು ಮಾತ್ರ, ಅದೂ ಆ ನೀಲಿ ಅಂಗಿಯವರದ್ದೇ ಎಂದು ಹೇಳಲು ಬರುವುದಿಲ್ಲ. ಅದನ್ನು ಗಿರಿಜರಿಗೆ ಕಳಿಸುವ ಧೈರ್ಯ ಇವತ್ತಿಗೂ ಬಂದಿಲ್ಲ.

ಕಮಾಂಡುಗಳ ಕ್ರಮವನ್ನು ಯಾರಾದರೂ ಒಂದು ಸಂಜೆಯಲ್ಲಿ ಕಲಿಯಬಹುದು, ನಾನೂ ಕಲಿತೆ. ಆದರೆ ಈಗ ಯಾವ ಸರ್ವರ್ ಮುಂದೆ ಕೂತರೂ, ಕೀಲಿಮಣೆ ಮುಟ್ಟುವ ಮೊದಲು ಅಲ್ಲಿದ್ದವರನ್ನು ಒಂದು ಮಾತು ಕೇಳುತ್ತೇನೆ, ಇದರಿಂದ ಯಾರಿಗಾದರೂ ಏನಾದರೂ ಬೇಕಿತ್ತಾ ಎಂದು. ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಆದರೂ ಎರಡು ನಿಮಿಷ ಸುಮ್ಮನೆ ಕೂತಿರುತ್ತೇನೆ.